ಮುಳಿಮಾಡಿನಿಂದ ಹೆಂಚಿನ ಮಾಡಿಗೆ

ಬಂಟ್ವಾಳದ ತವರುಮನೆಯ ಮಾಡು ಬಿಚ್ಚಿಸಿದಾಗ ಒಂದು ಹೆಂಚನ್ನು ಕೇಳಿ ತೆಗೆದುಕೊಂಡು ಬಂದೆ. ಅಡಿಭಾಗದಲ್ಲಿ ಬಾಸೆಲ್ ಮಿಶನ್ನಿನ ಹೆಸರು, ಜೊತೆಗೆ 1865 ಎಂಬ ಅಚ್ಚು. "ಅಷ್ಟು ಹಳೆಯದಾ ಅಮ್ಮಾ!" ಎಂದು ಮಗಳು ಹಿಗ್ಗಿದಳು. ಅಲ್ಲ, ಅದು ಕಾರ್ಖಾನೆ ಹುಟ್ಟಿದ ವರ್ಷ.

ನನ್ನ ಅಜ್ಜಿ ಬೆಳ್ತಂಗಡಿ ಕಡೆಯವರು, ಹುಟ್ಟಿದ್ದು ಮುಳಿಮನೆಯಲ್ಲಿ. ಮಳೆಗಾಲಕ್ಕೆ ಮೊದಲು ಪ್ರತಿವರ್ಷ ಮಾಡಿಗೆ ಹೊಸ ಹುಲ್ಲು ಹೊದೆಸಬೇಕಿತ್ತು. ಗುಡ್ಡದಿಂದ ಮುಳಿಯ ಹೊರೆ ಹೊತ್ತು ತರುತ್ತಿದ್ದವರು ಮನೆಯ ಹೆಂಗಸರು. ಬೇಸಗೆಯಲ್ಲಿ ಒಲೆಯ ಒಂದು ಕಿಡಿ ಹಾರಿದರೆ ಸಾಕು. ಅಜ್ಜಿಗೆ ಏಳು ವರ್ಷವಿದ್ದಾಗ ಹಾಗೆಯೇ ಆಯಿತು. ಎಲ್ಲರೂ ಉಟ್ಟ ಬಟ್ಟೆಯಲ್ಲೇ ಅಂಗಳಕ್ಕೆ ಓಡಿದರಂತೆ. ಬೆಂಕಿಗಿಂತಲೂ, "ಒಲೆ ನೋಡಿಕೊಳ್ಳಲು ಆಗಲಿಲ್ಲವಾ?" ಎಂದು ತಾಯಿ ಕೇಳಿಸಿಕೊಂಡ ಮಾತೇ ಅಜ್ಜಿಗೆ ಕೊನೆಯವರೆಗೂ ನೆನಪಿತ್ತು.

ನಾನೀಗ ಇರುವ ಮೂಡುಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿಯಿದೆ. ಅದರ ಕೆಳಗಿನ ಮಾಡು ಕಲ್ಲಿನದು. ದೇವರಿಗೆ ಕಲ್ಲು, ಉಳಿದ ಎಷ್ಟೋ ಜನರಿಗೆ ಹುಲ್ಲು.

1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಶನರಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದರು. ನೇತ್ರಾವತಿಯ ಜೇಡಿಮಣ್ಣು ಹತ್ತಿರವೇ ಇತ್ತು. ಮೊದಮೊದಲು ಮಣ್ಣು ಅರೆಯಲು ಎತ್ತುಗಳು ಗಾಣದಂತೆ ಸುತ್ತುತ್ತಿದ್ದವು. ಆಮೇಲೆ ಉಗಿಯಂತ್ರ ಬಂತು. ನಮ್ಮ ಅನ್ನದ ಪಾತ್ರೆಯ ಮುಚ್ಚಳ ಕುಣಿಸುವ ಅದೇ ಉಗಿ, ಕಬ್ಬಿಣದ ಬಾಯ್ಲರಿನಲ್ಲಿ ಕೂಡಿಹಾಕಿದಾಗ ಚಕ್ರ ತಿರುಗಿಸಿತು. ದಣಿವಿಲ್ಲದ ಈ ಶಕ್ತಿಯಿಂದ, ಒಂದರ ಅಂಚು ಇನ್ನೊಂದಕ್ಕೆ ಕಚ್ಚಿಕೊಳ್ಳುವ ಹಗುರ ಹೆಂಚು ರಾಶಿ ರಾಶಿಯಾಗಿ ತಯಾರಾಯಿತು. ನೋಡುನೋಡುತ್ತಲೇ ಬೇರೆಯವರೂ ಕಾರ್ಖಾನೆ ಹಾಕಿದರು.

ದೋಣಿಯಲ್ಲಿ ಬಂಟ್ವಾಳಕ್ಕೆ, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಮನೆಮನೆಗೆ ಹೆಂಚು ಬಂದದ್ದನ್ನು ಅಜ್ಜಿ ಹೇಳುತ್ತಿದ್ದರು. ಮದುವೆಯಾಗಿ ಬಂದ ಮನೆಗೆ ಹೆಂಚಿನ ಮಾಡು. "ಆ ವರ್ಷವೇ ನಾನು ಒಲೆಯ ಹೆದರಿಕೆಯಿಲ್ಲದೆ ಮಲಗಿದ್ದು" ಎನ್ನುತ್ತಿದ್ದರು.

ಆದರೆ ಆ ಹೆಂಚು ತಾನಾಗಿ ಬರಲಿಲ್ಲವಷ್ಟೆ. ಕಾರ್ಖಾನೆಯಲ್ಲಿ ಮಣ್ಣು, ಹೆಂಚು ಹೊರುವ ಕೆಲಸಕ್ಕೆ ಹೆಂಗಸರು ಸೇರಿದರು. ಒಂದು ಹೆಂಚೇ ಎರಡು-ಮೂರು ಕಿಲೋ. ಒಂದರ ಮೇಲೊಂದಿಟ್ಟು ತಲೆಯಲ್ಲಿ ಹೊರಬೇಕು. ಗದ್ದೆಯಲ್ಲಾದರೆ ಬಿಸಿಲು ನೋಡಿ ಗಂಜಿಗೆ ಕೂರಬಹುದು. ಇಲ್ಲಿ ಹೊತ್ತು ಹೇಳುವುದು ಗಂಟೆ. ಹಸುಗೂಸು ಅತ್ತರೂ ಯಂತ್ರ ನಿಲ್ಲುವುದಿಲ್ಲ. ಕೂಲಿಯೂ ಗಂಡಸರಿಗಿಂತ ಕಡಿಮೆ. ಆದರೂ ಅದು ಅವರ ಕೈಗೇ ಬಂದ ನಗದು. ಹೊಲದ ಒಡೆಯನ ಮನೆಯ ಅಳತೆಯ ಅಕ್ಕಿಯಲ್ಲ. ಈ ಎರಡನ್ನೂ ಒಟ್ಟಿಗೇ ಹೇಳಬೇಕು. ಭಟ್ಟಿಗಳು ನುಂಗಿದ ಕಾಡಿನ ಸೌದೆಯನ್ನೂ ಮರೆಯಬಾರದು.

ಈಗ ಎಲ್ಲೆಲ್ಲೂ ತಾರಸಿ. ಎಷ್ಟೋ ಹೆಂಚಿನ ಕಾರ್ಖಾನೆಗಳು ಬಾಗಿಲು ಹಾಕಿವೆ. ನಿಮ್ಮ ಮನೆಯಲ್ಲೂ ಹಳೆಯ ಹೆಂಚಿದ್ದರೆ ಒಮ್ಮೆ ತಿರುಗಿಸಿ ನೋಡಿ. ಕಾರ್ಖಾನೆಯ ಹೆಸರು ಇರುತ್ತದೆ. ಹೊತ್ತವಳ ಹೆಸರು ಇರುವುದಿಲ್ಲ. ನನ್ನ ಅಜ್ಜಿಯ ನಿಶ್ಚಿಂತೆಯ ನಿದ್ದೆ ಬಂದದ್ದು ಅವಳ ತಲೆಯ ಮೇಲೆ.