ಅಟ್ಟದ ಮೇಲೆ ಹಳೆಯ ಅಮರ ಚಿತ್ರಕಥೆ ಇದೆಯೇ? ರದ್ದಿಗೆ ಹಾಕುವ ಮುನ್ನ ಯಾವ ಮುದ್ರಣ ಎಂದು ನೋಡಿ

ಒಂದೇ ಕಥೆ, ಒಂದೇ ಮುಖಪುಟ, ಆದರೆ ಬೆಲೆ ಮಾತ್ರ ಬೇರೆ ಬೇರೆ! ಹಳೆಯ ಕಾಮಿಕ್ಸ್‌ಗೆ ಬೆಲೆ ಬರುವುದು ಹೇಗೆ? ಮೊದಲ ಮುದ್ರಣವನ್ನು ಗುರುತಿಸುವುದು ಹೇಗೆ? ಇಲ್ಲಿದೆ ವಿವರ.

ನವದೆಹಲಿ: ಮನೆ ಖಾಲಿ ಮಾಡುವಾಗ, ಅಟ್ಟ ಗುಡಿಸುವಾಗ ಹಳೆಯ ಅಮರ ಚಿತ್ರಕಥೆ, ಇಂದ್ರಜಾಲ ಕಾಮಿಕ್ಸ್‌ಗಳ ಕಟ್ಟು ಸಿಗುವುದು ಹೊಸದೇನಲ್ಲ. ಹೆಚ್ಚಿನವರು ಅದನ್ನು ಕೆ.ಜಿ. ಲೆಕ್ಕದಲ್ಲಿ ರದ್ದಿಗೆ ಹಾಕುತ್ತಾರೆ. ಇನ್ನು ಕೆಲವರು 'ಹಳೆಯದು, ಲಕ್ಷಗಟ್ಟಲೆ ಬರುತ್ತದೆ' ಎಂದು ಆಸೆ ಇಟ್ಟುಕೊಂಡು ಕೂರುತ್ತಾರೆ. ಎರಡೂ ಸರಿಯಲ್ಲ. ಕಾಮಿಕ್ಸ್‌ನ ಬೆಲೆಯನ್ನು ವಯಸ್ಸೊಂದೇ ನಿರ್ಧರಿಸುವುದಿಲ್ಲ. ಅದು ಎಷ್ಟನೇ ಮುದ್ರಣ, ಯಾವ ಭಾಷೆಯದು, ಯಾವ ಸ್ಥಿತಿಯಲ್ಲಿದೆ ಎಂಬುದೇ ಮುಖ್ಯ.

ದೆಹಲಿಯಲ್ಲಿ ಹಳೆಯ ಪುಸ್ತಕ ಎಂದರೆ ಮೊದಲು ನೆನಪಾಗುವುದು ದರಿಯಾಗಂಜ್‌ನ ಭಾನುವಾರದ ಸಂತೆ. ದಶಕಗಳ ಕಾಲ ಫುಟ್‌ಪಾತ್ ಮೇಲೆ ನಡೆಯುತ್ತಿದ್ದ ಈ ಸಂತೆಯನ್ನು 2019ರಲ್ಲಿ ಹೈಕೋರ್ಟ್ ಆದೇಶದ ನಂತರ ಅಲ್ಲಿಂದ ತೆರವು ಮಾಡಲಾಯಿತು. ಅದೇ ವರ್ಷ ಸಂತೆ ಆಸಫ್ ಅಲಿ ರಸ್ತೆಯ ಮಹಿಳಾ ಹಾಟ್‌ಗೆ ಸ್ಥಳಾಂತರವಾಯಿತು. ಇಂಥ ಸಂತೆಗಳಲ್ಲಿ ಮೊದಲ ಮುದ್ರಣ ಮತ್ತು ಇಪ್ಪತ್ತನೇ ಮುದ್ರಣ ಒಂದೇ ರಾಶಿಯಲ್ಲಿ ಬಿದ್ದಿರಬಹುದು. ವ್ಯತ್ಯಾಸ ಗೊತ್ತಿದ್ದವರಿಗೆ ಲಾಭ, ಗೊತ್ತಿಲ್ಲದವರಿಗೆ ನಷ್ಟ.

ಮುದ್ರಣದ ವ್ಯತ್ಯಾಸ ಎಂದರೇನು?

ಒಂದೇ ಕಾಮಿಕ್ಸ್ ಬೇರೆ ಬೇರೆ ರೂಪದಲ್ಲಿ ಅಚ್ಚಾಗುವುದಕ್ಕೆ ಮುಖ್ಯವಾಗಿ ನಾಲ್ಕು ಕಾರಣಗಳಿವೆ.

* ಮರುಮುದ್ರಣ: ಬೇಡಿಕೆ ಬಂದಾಗ ಅದೇ ಪುಸ್ತಕವನ್ನು ಮತ್ತೆ ಅಚ್ಚು ಹಾಕುವುದು. ಬೆಲೆ, ವಿಳಾಸ, ಜಾಹೀರಾತು, ಕಾಗದ ಬದಲಾಗಬಹುದು.
* ಬೆಲೆಯ ವ್ಯತ್ಯಾಸ: ಒಂದೇ ಸಂಚಿಕೆಯನ್ನು ಬೇರೆ ಊರು ಅಥವಾ ದೇಶಕ್ಕಾಗಿ ಬೇರೆ ಬೆಲೆ ಹಾಕಿ ಮುದ್ರಿಸುವುದು.
* ಭಾಷೆ ಮತ್ತು ಪಠ್ಯದ ವ್ಯತ್ಯಾಸ: ಅನುವಾದದಲ್ಲಿ ಅಥವಾ ನಂತರದ ಮುದ್ರಣದಲ್ಲಿ ಹೆಸರು, ಮಾತು, ಚಿತ್ರಗಳನ್ನು ಬದಲಾಯಿಸುವುದು.
* ಮುದ್ರಣ ದೋಷ: ಬಣ್ಣ ಪಕ್ಕಕ್ಕೆ ಜಾರುವುದು, ಪುಟ ತಲೆಕೆಳಗಾಗುವುದು, ಪುಟ ಬಿಟ್ಟುಹೋಗುವುದು ಇತ್ಯಾದಿ.

ಇವುಗಳಲ್ಲಿ ಕೊನೆಯದರ ಬಗ್ಗೆ ತಪ್ಪು ಕಲ್ಪನೆ ಹೆಚ್ಚು. ದೋಷ ಇರುವ ಪ್ರತಿಗಳೆಲ್ಲ ಅಪರೂಪ ಎನಿಸಿಕೊಳ್ಳುವುದಿಲ್ಲ. ಹಳದಿ, ಕೆಂಪು, ನೀಲಿ, ಕಪ್ಪು ಶಾಯಿಗಳನ್ನು ಒಂದರ ಮೇಲೊಂದು ಅಚ್ಚು ಹಾಕುವ ಹಳೆಯ ಯಂತ್ರಗಳಲ್ಲಿ ಬಣ್ಣ ಜಾರುವುದು ಸಾಮಾನ್ಯವಾಗಿತ್ತು. ಪುಟ ಬಿಟ್ಟುಹೋದ ಪ್ರತಿಯನ್ನು ಸಂಗ್ರಾಹಕರು ಅಪೂರ್ಣ ಎಂದೇ ಪರಿಗಣಿಸುತ್ತಾರೆ. ದೋಷ ಬೇಗ ಪತ್ತೆಯಾಗಿ, ಸರಿಪಡಿಸಿದ ಮುದ್ರಣ ಬಂದು, ತಪ್ಪಿರುವ ಕೆಲವೇ ಪ್ರತಿಗಳು ಹೊರಗೆ ಉಳಿದಿದ್ದರೆ ಮಾತ್ರ ಅದಕ್ಕೆ ಬೇಡಿಕೆ.

ಐದು ಸೆಂಟ್ಸ್ ತಂದ ವ್ಯತ್ಯಾಸ

ಅಮೆರಿಕದ ಒಂದು ಉದಾಹರಣೆ ನೋಡಿ. 1977ರಲ್ಲಿ ಮಾರ್ವೆಲ್ ಸಂಸ್ಥೆ 'ಸ್ಟಾರ್ ವಾರ್ಸ್' ಮೊದಲ ಸಂಚಿಕೆಯನ್ನು 30 ಸೆಂಟ್ಸ್‌ಗೆ ಬಿಡುಗಡೆ ಮಾಡಿತು. ಬೆಲೆ ಏರಿಸಿದರೆ ಓದುಗರು ಕೊಳ್ಳುತ್ತಾರೆಯೇ ಎಂದು ತಿಳಿಯಲು ಕೆಲವೇ ಊರುಗಳಲ್ಲಿ ಅದೇ ಸಂಚಿಕೆಯನ್ನು 35 ಸೆಂಟ್ಸ್ ಬೆಲೆ ಮುದ್ರಿಸಿ ಮಾರಿತು. ಒಳಗಿನ ಕಥೆಯಲ್ಲಿ ಬದಲಾವಣೆ ಇಲ್ಲ. ಆದರೂ ಇಂದು ಆ 35 ಸೆಂಟ್ಸ್ ಪ್ರತಿಗೆ ಸಾಮಾನ್ಯ ಪ್ರತಿಗಿಂತ ಹಲವು ಪಟ್ಟು ಬೆಲೆ. ಇಲ್ಲೊಂದು ತೊಡಕೂ ಇದೆ. ನಂತರದ ಮರುಮುದ್ರಣಗಳ ಮೇಲೂ 35 ಸೆಂಟ್ಸ್ ಎಂದೇ ಇದೆ. ಹಾಗಾಗಿ ಬೆಲೆ ಮಾತ್ರ ನೋಡಿ ಕೊಂಡವರು ಮೋಸ ಹೋಗುವ ಸಾಧ್ಯತೆ ಇದೆ.

ಇನ್ನೊಂದು ಪ್ರಸಿದ್ಧ ಉದಾಹರಣೆ ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ 1938ರ 'ಆ್ಯಕ್ಷನ್ ಕಾಮಿಕ್ಸ್' ಮೊದಲ ಸಂಚಿಕೆ. 10 ಸೆಂಟ್ಸ್‌ನ ಈ ಸಂಚಿಕೆಯ ಒಂದು ಪ್ರತಿ 2024ರ ಏಪ್ರಿಲ್‌ನಲ್ಲಿ 60 ಲಕ್ಷ ಡಾಲರ್‌ಗೆ ಹರಾಜಾಯಿತು. ಇದೇ ಸಂಚಿಕೆಯನ್ನು ಡಿಸಿ ಸಂಸ್ಥೆ 1974ರಲ್ಲಿ ದೊಡ್ಡ ಗಾತ್ರದಲ್ಲಿ ಮರುಮುದ್ರಿಸಿತ್ತು. ಅದರ ಹೊರ ರಕ್ಷಾಪುಟ ಕಿತ್ತು, ಒಳಗಿನ 10 ಸೆಂಟ್ಸ್ ಮುಖಪುಟ ತೋರಿಸಿ, 'ಇದೇ ಅಸಲಿ' ಎಂದು ಮಾರಿದ ಪ್ರಸಂಗಗಳಿವೆ. ಅಳತೆ ಪಟ್ಟಿ ಹಿಡಿದು ನೋಡಿದರೆ ಸಾಕು, ಗಾತ್ರದಲ್ಲೇ ಗುಟ್ಟು ಬಯಲಾಗುತ್ತದೆ.

ಅಮರ ಚಿತ್ರಕಥೆ: ದೆಹಲಿಯ ಕಥೆ, ಬೆಂಗಳೂರಿನ ಮೂಲ

ಭಾರತದಲ್ಲಿ ಮುದ್ರಣದ ವ್ಯತ್ಯಾಸ ಹೆಚ್ಚು ಗೊಂದಲ ಹುಟ್ಟಿಸುವುದು ಅಮರ ಚಿತ್ರಕಥೆಯ ವಿಷಯದಲ್ಲಿ. ಕಾರ್ಕಳದಲ್ಲಿ ಹುಟ್ಟಿದ ಅನಂತ್ ಪೈ 1967ರಲ್ಲಿ ದೆಹಲಿಗೆ ಬಂದಿದ್ದಾಗ ದೂರದರ್ಶನದ ಕ್ವಿಜ್ ಕಾರ್ಯಕ್ರಮ ನೋಡಿದರು. ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರಿಸಿದ ಮಕ್ಕಳಿಗೆ ರಾಮನ ತಾಯಿಯ ಹೆಸರು ಗೊತ್ತಿರಲಿಲ್ಲ. ಅಲ್ಲಿಂದ ಸರಣಿ ಹುಟ್ಟಿತು ಎಂಬ ಕಥೆ ಎಲ್ಲರಿಗೂ ಗೊತ್ತು. ಆಗ ದೇಶದಲ್ಲಿ ಟಿವಿ ಪ್ರಸಾರ ಇದ್ದದ್ದು ದೆಹಲಿಯಲ್ಲಿ ಮಾತ್ರ.

ಆದರೆ ಕನ್ನಡಿಗರು ತಿಳಿಯಬೇಕಾದ ಇನ್ನೊಂದು ಸಂಗತಿ ಇದೆ. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ 1965ರಲ್ಲೇ ಅಮರ ಚಿತ್ರಕಥೆ ಹೆಸರಿನ ಪುಸ್ತಕಗಳು ಕನ್ನಡದಲ್ಲಿ ಬಂದಿದ್ದವು. ಅವು ಸಿಂಡರೆಲ್ಲಾ, ಜ್ಯಾಕ್ ಮತ್ತು ಹುರುಳಿ ಬಳ್ಳಿಯಂಥ ಪಾಶ್ಚಾತ್ಯ ಮಕ್ಕಳ ಕಥೆಗಳು. ಸರಣಿಯ ಮೊದಲ 10 ಸಂಖ್ಯೆಗಳು ಇಂಥ ಕಥೆಗಳಿಗೇ ಸಲ್ಲುತ್ತವೆ. ರಾಮ್ ವಾಯಿರ್ಕರ್ ಚಿತ್ರ ಬರೆದ 'ಕೃಷ್ಣ' ಪುಸ್ತಕದ ಸಂಖ್ಯೆ 11 ಆಗಿರುವುದು ಇದೇ ಕಾರಣಕ್ಕೆ.

ಇದರ ಅರ್ಥ ಇಷ್ಟೇ: ಆ ಕಾಲದ ಕನ್ನಡ ಪ್ರತಿಯನ್ನು 'ಇಂಗ್ಲಿಷ್‌ನಿಂದ ಬಂದ ಅನುವಾದ, ಬೆಲೆ ಕಡಿಮೆ' ಎಂದು ಪಕ್ಕಕ್ಕೆ ಸರಿಸುವಂತಿಲ್ಲ. ಸರಣಿಯ ಇತಿಹಾಸದಲ್ಲಿ ಅದು ಇಂಗ್ಲಿಷ್ ಪ್ರತಿಗಿಂತ ಮುಂಚಿನದು.

ಹಳೆಯ ಮತ್ತು ಹೊಸ ಮುದ್ರಣ ಬೇರ್ಪಡಿಸಲು ಎರಡು ಸುಲಭ ಗುರುತುಗಳಿವೆ. ಮೊದಲನೆಯದು ಬಣ್ಣ. ಖರ್ಚು ಉಳಿಸಲು ಆರಂಭದ ಮುದ್ರಣಗಳಲ್ಲಿ ಒಳಚಿತ್ರಗಳನ್ನು ಹಳದಿ, ನೀಲಿ, ಹಸಿರು ಬಣ್ಣಗಳಲ್ಲೇ ಮುಗಿಸಲಾಗಿತ್ತು. ಪೂರ್ಣ ಬಣ್ಣ ಬಂದದ್ದು ನಂತರ. ಎರಡನೆಯದು ಸಂಖ್ಯೆ. ಮುಂದಿನ ಕಾಲದ ಮರುಮುದ್ರಣಗಳಿಗೆ 500ರ ನಂತರದ ಸಂಖ್ಯೆ ಕೊಡಲಾಯಿತು. ಹಳೆಯ ಪಟ್ಟಿಯಲ್ಲಿ 11 ಆಗಿದ್ದ 'ಕೃಷ್ಣ' ಹೊಸ ಪಟ್ಟಿಯಲ್ಲಿ 501. ನಿಮ್ಮ ಪ್ರತಿಯ ಮೇಲೆ 501 ಇದ್ದರೆ ಅದು ಓದಲು ಚೆಂದ, ಆದರೆ ಮೊದಲ ಮುದ್ರಣ ಅಲ್ಲ. ಈ ಸಂಖ್ಯೆಗಳು ಇಂಗ್ಲಿಷ್ ಪಟ್ಟಿಯವು. ಕನ್ನಡ ಪ್ರತಿಗೆ ಅವನ್ನೇ ಕುರುಡಾಗಿ ಅನ್ವಯಿಸಬೇಡಿ.

ಫ್ಯಾಂಟಮ್‌ನ ನಾಡಿಗೆ ಹೊಸ ಹೆಸರು

ಇಂದ್ರಜಾಲ ಕಾಮಿಕ್ಸ್‌ನ ಲೆಕ್ಕವೇ ಬೇರೆ. ಟೈಮ್ಸ್ ಆಫ್ ಇಂಡಿಯಾ ಸಮೂಹ 1964ರ ಮಾರ್ಚ್‌ನಲ್ಲಿ ಆರಂಭಿಸಿ 1990ರಲ್ಲಿ ನಿಲ್ಲಿಸಿದ ಈ ಸರಣಿ ಇಂಗ್ಲಿಷ್, ಹಿಂದಿ, ಕನ್ನಡ ಸೇರಿ ಹಲವು ಭಾಷೆಗಳಲ್ಲಿ ಬಂತು. ಇಂಗ್ಲಿಷ್‌ನಲ್ಲಿ ಒಟ್ಟು 803 ಸಂಚಿಕೆಗಳು ಹೊರಬಂದಿವೆ. ಮುಷ್ಕರದಿಂದಾಗಿ 123 ಮತ್ತು 124ನೇ ಸಂಚಿಕೆಗಳು ಪ್ರಕಟವಾಗಲೇ ಇಲ್ಲ. ಆ ಎರಡು ಸಂಖ್ಯೆಗಳ 'ಅಪರೂಪದ ಪ್ರತಿ' ಇದೆ ಎಂದು ಯಾರಾದರೂ ಹೇಳಿದರೆ ಎಚ್ಚರ!

ಇದು ನಿಯತಕಾಲಿಕವಾಗಿದ್ದರಿಂದ ಸಂಚಿಕೆಯ ದಿನಾಂಕವೇ ದೊಡ್ಡ ಸಾಕ್ಷಿ. ಒಂದೇ ಕಥೆ ವರ್ಷಗಳ ನಂತರ ಬೇರೆ ಸಂಖ್ಯೆಯಲ್ಲಿ ಮತ್ತೆ ಬಂದಿದ್ದೂ ಉಂಟು. ಹಾಗಾಗಿ ಕಥೆಯ ಹೆಸರು ನೋಡಿ ನಿರ್ಧರಿಸಬೇಡಿ, ಸಂಖ್ಯೆ ಮತ್ತು ದಿನಾಂಕ ಎರಡನ್ನೂ ನೋಡಿ.

ಪಠ್ಯದ ವ್ಯತ್ಯಾಸವೂ ಇಲ್ಲಿದೆ. ಮೂಲದಲ್ಲಿ 'ಬೆಂಗಾಲಿ' ಎಂದಿದ್ದ ಫ್ಯಾಂಟಮ್‌ನ ನಾಡು ಇಲ್ಲಿ 'ಡೆಂಕಾಲಿ' ಆಯಿತು. 'ಸಿಂಗ್' ಕಡಲ್ಗಳ್ಳರು 'ಸಿಂಗಾ' ಆದರು. ಭಾರತದ ಓದುಗರ ಮನಸ್ಸು ನೋಯಬಾರದು ಎಂದು ಮಾಡಿದ ಬದಲಾವಣೆ ಇದು. ಆರಂಭದ ಸಂಚಿಕೆಗಳಿಗೆ ಬಿ. ಗೋವಿಂದ್ ಬಿಡಿಸಿದ ಮುಖಪುಟಗಳೂ ಭಾರತಕ್ಕೇ ವಿಶಿಷ್ಟ. ಹಾಗಾಗಿ ಫ್ಯಾಂಟಮ್‌ಗೆ ಇಂದಿಗೂ ದೊಡ್ಡ ಅಭಿಮಾನಿ ಬಳಗವಿರುವ ಆಸ್ಟ್ರೇಲಿಯಾ, ಸ್ವೀಡನ್‌ನಂಥ ದೇಶಗಳ ಸಂಗ್ರಾಹಕರಿಗೂ ಇವು ತಮ್ಮಲ್ಲಿ ಸಿಗದ ಪ್ರತಿಗಳು.

ದೆಹಲಿಯ ರಾಜ್ ಕಾಮಿಕ್ಸ್‌ನದ್ದು ಮತ್ತೊಂದು ಬಗೆ. 1986ರಲ್ಲಿ ಬಂದ 'ನಾಗರಾಜ್', ಮರುವರ್ಷ ಬಂದ 'ಸೂಪರ್ ಕಮಾಂಡೋ ಧ್ರುವ' ಹಿಂದಿ ಓದುಗರ ಅಚ್ಚುಮೆಚ್ಚು. ಇತ್ತೀಚಿನ ವರ್ಷಗಳಲ್ಲಿ ಹಳೆಯ ಕಥೆಗಳನ್ನು 'ರಾಜ್ ಕಾಮಿಕ್ಸ್ ಬೈ ಮನೋಜ್ ಗುಪ್ತಾ', 'ರಾಜ್ ಕಾಮಿಕ್ಸ್ ಬೈ ಸಂಜಯ್ ಗುಪ್ತಾ' ಎಂಬ ಬೇರೆ ಬೇರೆ ಹೆಸರಿನಲ್ಲಿ ಮರುಮುದ್ರಿಸಲಾಗಿದೆ. ಮುಖಪುಟದ ಚಿತ್ರ ಹಳೆಯದೇ ಇದ್ದರೂ ಪ್ರಕಾಶಕರ ಸಾಲು ಓದಿದರೆ ಯಾವ ಕಾಲದ್ದು ಎಂದು ತಿಳಿಯುತ್ತದೆ.

ವರ್ಷ ಮುದ್ರಿಸಿಲ್ಲವೇ? ವಿಳಾಸ ಓದಿ

ಪುಸ್ತಕದಲ್ಲಿ ಮುದ್ರಣದ ವರ್ಷ ಇಲ್ಲದಿದ್ದರೂ ಕಾಲ ಪತ್ತೆ ಹಚ್ಚಬಹುದು. ಒಳ ರಕ್ಷಾಪುಟ ಮತ್ತು ಹಿಂಬದಿಯ ಸಣ್ಣ ಅಕ್ಷರಗಳನ್ನು ಗಮನಿಸಿ.

* ಆರು ಅಂಕಿಯ ಪಿನ್‌ಕೋಡ್ ಇದ್ದರೆ ಅದು 1972ರ ಆಗಸ್ಟ್ 15ಕ್ಕಿಂತ ಮೊದಲಿನ ಮುದ್ರಣ ಅಲ್ಲ. ಪಿನ್‌ಕೋಡ್ ಜಾರಿಗೆ ಬಂದದ್ದೇ ಅಂದು.
* 'ಮೈಸೂರು ರಾಜ್ಯ' ಎಂದಿದ್ದರೆ ಹೆಚ್ಚಾಗಿ 1973ರ ನವೆಂಬರ್ 1ಕ್ಕಿಂತ ಹಿಂದಿನದು. 'ಕರ್ನಾಟಕ' ಎಂಬ ಹೆಸರು ಬಂದದ್ದು ಆ ದಿನ.
* 'ಬಾಂಬೆ' ಬದಲು 'ಮುಂಬೈ' ಎಂದು ಇಂಗ್ಲಿಷ್‌ನಲ್ಲಿ ಇದ್ದರೆ 1995ರ ನಂತರದ್ದು ಎಂದು ಊಹಿಸಬಹುದು.
* 13 ಅಂಕಿಯ ಐಎಸ್‌ಬಿಎನ್ ಸಂಖ್ಯೆ ಜಾರಿಗೆ ಬಂದದ್ದು 2007ರಲ್ಲಿ.
* ರೂಪಾಯಿಯ ₹ ಚಿಹ್ನೆ ಇದ್ದರೆ ಅದು 2010ರ ಜುಲೈ ನಂತರದ್ದು.

ಈ ಗುರುತುಗಳು 'ಇದಕ್ಕಿಂತ ಹಳೆಯದಲ್ಲ' ಎಂದು ಹೇಳಲು ಗಟ್ಟಿ ಸಾಕ್ಷಿ. ಆದರೆ ಪಿನ್‌ಕೋಡ್ ಇಲ್ಲ ಎಂದ ಮಾತ್ರಕ್ಕೆ 1972ಕ್ಕಿಂತ ಹಳೆಯದು ಎಂದು ತೀರ್ಮಾನಿಸಬೇಡಿ. ಹಳೆಯ ವಿಳಾಸವನ್ನೇ ಮುಂದೆಯೂ ಅಚ್ಚು ಹಾಕಿರಬಹುದು. ಹಿಂಬದಿಯ ಜಾಹೀರಾತು, ಮುದ್ರಿತ ಬೆಲೆ, ಅದೇ ಸರಣಿಯ ಇತರ ಪುಸ್ತಕಗಳ ಪಟ್ಟಿ, ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಪಟ್ಟಿಯಲ್ಲಿ ನಂತರದ ವರ್ಷಗಳ ಪುಸ್ತಕದ ಹೆಸರಿದ್ದರೆ ನಿಮ್ಮ ಪ್ರತಿ ಮರುಮುದ್ರಣ ಎಂದೇ ಅರ್ಥ. ಹಳೆಯ ಸರ್ಕ್ಯುಲೇಟಿಂಗ್ ಲೈಬ್ರರಿಯ ಮೊಹರು ಅಂದವನ್ನು ಕೆಡಿಸಿದರೂ, ಅದರಲ್ಲಿ ದಿನಾಂಕ ಇದ್ದರೆ ಕಾಲ ನಿರ್ಧರಿಸಲು ನೆರವಾಗುತ್ತದೆ.

ಬೆಲೆ ಕುಗ್ಗಿಸುವ ಸಂಗತಿಗಳು

ಮೊದಲ ಮುದ್ರಣವಾದರೂ ಸ್ಥಿತಿ ಚೆನ್ನಾಗಿರಬೇಕು. ನಮ್ಮ ಮನೆಗಳಲ್ಲಿ ಹತ್ತಿಪ್ಪತ್ತು ಕಾಮಿಕ್ಸ್ ಸೇರಿಸಿ ಬೈಂಡ್ ಮಾಡಿಸುವ ರೂಢಿ ಇತ್ತು. ಪುಸ್ತಕ ಉಳಿದದ್ದೇ ಅದರಿಂದ. ಆದರೆ ಬೈಂಡ್ ಮಾಡುವಾಗ ಅಂಚು ಕತ್ತರಿಸಿದ್ದರೆ, ರಕ್ಷಾಪುಟ ತೆಗೆದಿದ್ದರೆ ಸಂಗ್ರಾಹಕರ ಬೇಡಿಕೆ ಕುಗ್ಗುತ್ತದೆ. ತುಕ್ಕು ಹಿಡಿದ ಪಿನ್ನು, ಗೆದ್ದಲು, ಸೆಲ್ಲೋಟೇಪ್, ಬಿಡಿಸಿದ ಪದಬಂಧ, ಕತ್ತರಿಸಿದ ಕೂಪನ್ ಕೂಡ ಬೆಲೆ ಇಳಿಸುತ್ತವೆ.

ಅಮೆರಿಕದಲ್ಲಿ 1970ರಿಂದ ಓವರ್‌ಸ್ಟ್ರೀಟ್ ಬೆಲೆಪಟ್ಟಿ ಇದೆ. ಪ್ರತಿಯನ್ನು ಪರೀಕ್ಷಿಸಿ ಅಂಕ ಕೊಡುವ ಸಿಜಿಸಿ ಸಂಸ್ಥೆ ಇದೆ. ಭಾರತದ ಕಾಮಿಕ್ಸ್‌ಗೆ ಎಲ್ಲರೂ ಒಪ್ಪುವಂಥ ಬೆಲೆಪಟ್ಟಿ ಇಲ್ಲ. ಕೊಳ್ಳುವವರು ಎಷ್ಟು ಕೊಡುತ್ತಾರೋ ಅದೇ ಬೆಲೆ. ಆನ್‌ಲೈನ್‌ನಲ್ಲಿ ಮಾರುವವರು ಹಾಕಿದ ಬೆಲೆಯನ್ನು ಮಾರಾಟವಾದ ಬೆಲೆ ಎಂದು ನಂಬಬೇಡಿ.

ಮಾರುವ ಮುನ್ನ, ಕೊಳ್ಳುವ ಮುನ್ನ

* ಮುಖಪುಟ, ಎರಡೂ ಒಳ ರಕ್ಷಾಪುಟ, ಹಿಂಬದಿ ಮತ್ತು ಪಿನ್ ಹೊಡೆದ ನಡುಪುಟದ ಫೋಟೊ ತೆಗೆಯಿರಿ. ಕೊಳ್ಳುವವರಾದರೆ ಇವಿಷ್ಟನ್ನೂ ಕೇಳಿ ಪಡೆಯಿರಿ.
* ಪುಟಗಳನ್ನು ಎಣಿಸಿ. ಕಥೆ ಪೂರ್ಣ ಇದೆಯೇ ನೋಡಿ.
* ಭೂತಗನ್ನಡಿ ಹಿಡಿದು ಬಣ್ಣದ ಚುಕ್ಕಿ ಗಮನಿಸಿ. ಹಳೆಯ ಆಫ್‌ಸೆಟ್ ಮುದ್ರಣದಲ್ಲಿ ಸಾಲಾಗಿ ಜೋಡಿಸಿದ ಚುಕ್ಕಿಗಳು ಕಾಣುತ್ತವೆ. ಇಂಕ್‌ಜೆಟ್ ನಕಲಿನಲ್ಲಿ ಬಣ್ಣ ಸಿಂಪಡಿಸಿದಂತೆ ಚದುರಿರುತ್ತದೆ.
* ಹಳೆಯ ಪ್ರತಿಗೆ ಟೇಪ್ ಅಂಟಿಸಿ, ಲ್ಯಾಮಿನೇಟ್ ಮಾಡಿಸಿ 'ಚೆಂದ' ಮಾಡಲು ಹೋಗಬೇಡಿ.
* ಇಡೀ ಕಟ್ಟನ್ನು ಒಂದೇ ಬೆಲೆಗೆ ಕೊಡುವ ಮುನ್ನ ಕನ್ನಡ ಪ್ರತಿಗಳನ್ನು ಬೇರೆ ಮಾಡಿ. ವಿಳಾಸ ಮತ್ತು ಬಣ್ಣ ನೋಡಿ ಹಳೆಯವನ್ನು ಆರಿಸಿ.

ಇಂಗ್ಲಿಷ್ ಇಂದ್ರಜಾಲದ ಸಂಚಿಕೆಗಳ ಪಟ್ಟಿಯನ್ನು ಅಭಿಮಾನಿಗಳು ಹೆಚ್ಚು ಕಡಿಮೆ ಪೂರ್ತಿ ಮಾಡಿದ್ದಾರೆ. ಕನ್ನಡದ ಆರಂಭದ ಅಮರ ಚಿತ್ರಕಥೆಗಳಿಗೆ ಅಷ್ಟು ದಾಖಲೆ ಆಗಿಲ್ಲ. ಹಾಗಾಗಿ 1960ರ ದಶಕದ ಕನ್ನಡ ಪ್ರತಿ ನಿಮ್ಮ ಮನೆಯಲ್ಲಿ ಸಿಕ್ಕರೆ, ಮಾರುವುದಿರಲಿ ಬಿಡಲಿ, ಮೊದಲು ಅದರ ಎಲ್ಲ ಪುಟಗಳ ಫೋಟೊ ತೆಗೆದಿಟ್ಟುಕೊಳ್ಳಿ. ರದ್ದಿಗೆ ಹೋದ ಪ್ರತಿ ಮತ್ತೆ ಸಿಗುವುದಿಲ್ಲ.