ಆರ್.ಎಚ್. ಕ್ಯಾಂಪ್‌ನ ಬಂಗಾಳಿ

ಅಂದಿನ ಪೂರ್ವ ಪಾಕಿಸ್ತಾನವನ್ನು ತೊರೆದು ಬಂದ ಬಂಗಾಳಿ ಹಿಂದೂ ಕುಟುಂಬಗಳಿಗೆ ಸಿಂಧನೂರು ಸೀಮೆಯ, ಆರ್.ಎಚ್. ಕ್ಯಾಂಪ್ ಎಂದು ಕರೆಯುವ ಪುನರ್ವಸತಿ ಕ್ಯಾಂಪುಗಳಲ್ಲಿ ನೆಲೆ ಸಿಕ್ಕಿತು. ಅವರಲ್ಲಿ ಹೆಚ್ಚಿನವರು ನಮಶೂದ್ರ ಸಮುದಾಯದವರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುತ್ತ ಅರ್ಧ ಶತಮಾನ ಕಳೆದಿರುವ ಇವರ ಮನೆಮಾತನ್ನು ರಾಯಚೂರು ಜಿಲ್ಲೆಯ ಭಾಷೆಗಳಲ್ಲೊಂದೆಂದೇ ಎಣಿಸಬೇಕು.

ಬಂಗಾಳಿ ಈ ನೆಲದ್ದಲ್ಲ, ದ್ರಾವಿಡ ಬಳಗದ್ದೂ ಅಲ್ಲ ಎಂಬ ಆಕ್ಷೇಪವಿದೆ. ವ್ಯಾಕರಣದ ಮಟ್ಟಿಗೆ ಅಂತರ ನಿಜ: ಕನ್ನಡದಲ್ಲಿ ಬಂದವರು ಗಂಡೋ ಹೆಣ್ಣೋ ಎಂಬುದನ್ನು ಕ್ರಿಯಾಪದವೇ ಹೇಳುತ್ತದೆ, ಬಂಗಾಳಿಯಲ್ಲಿ ಆ ಭೇದವಿಲ್ಲ. ಆದರೆ ನೆಲದ ಮಾತಿಗೆ ಬಂದರೆ, ಹತ್ತಿರದ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವನ್ನು ನೋಡಬೇಕು. ಅದರ ಭಾಷೆ ಪ್ರಾಕೃತ, ಬಂಗಾಳಿ ಹುಟ್ಟಿದ ಭಾಷಾವರ್ಗದ್ದು. ಅದರ ಲಿಪಿ ಬ್ರಾಹ್ಮಿ, ಕನ್ನಡ ಮತ್ತು ಬಂಗಾಳಿ ಲಿಪಿಗಳೆರಡಕ್ಕೂ ಮೂಲ. ಉತ್ತರದ ನುಡಿಗೆ ಈ ಸೀಮೆಯ ಬಂಡೆ ಎರಡು ಸಾವಿರ ವರ್ಷಗಳ ಹಿಂದೆಯೇ ಜಾಗ ಕೊಟ್ಟಿದೆ.

ಮಕ್ಕಳು ಕನ್ನಡ ಕಲಿತರೆ ಬಂಗಾಳಿ ಅಳಿಯುತ್ತದೆ ಎಂಬ ಭಯವೂ ಉಂಟು. ಕನ್ನಡದ ಜೊತೆ ತೆಲುಗು, ಉರ್ದು, ಲಂಬಾಣಿ ನುಡಿಗಳು ತಲೆಮಾರುಗಳಿಂದ ಬಾಳಿರುವ ಜಿಲ್ಲೆಯಿದು. ಇಲ್ಲಿ ಎರಡನೆಯ ಭಾಷೆ ಮೊದಲನೆಯದನ್ನು ಕೊಲ್ಲುವುದಿಲ್ಲ. ನಿಜವಾದ ಅಪಾಯವಿರುವುದು, ಬಂಗಾಳಿಯನ್ನು ಮಾತಾಡಿಯೂ ಅದರ ಅಕ್ಷರ ಓದಲಾರದ ಪೀಳಿಗೆ ಬೆಳೆದಾಗ.