ಆಡಿ ಬೆಳೆದ ಅಂಗಳದ ಋಣ: ಬೆಂಗಳೂರಿನ ಕಾಲ್ಚೆಂಡಾಟಗಾರರ ವಲಸೆ

ಹೊರನಾಡ ಕನ್ನಡಿಗರ ಚರಿತ್ರೆಯನ್ನು ಬರೆಯಹೊರಟವರು ಊರು ಬಿಟ್ಟ ಗುಮಾಸ್ತರನ್ನು, ಅಧ್ಯಾಪಕರನ್ನು, ಹೋಟೆಲು ಕಟ್ಟಿದವರನ್ನು, ಸಾಹಿತಿಗಳನ್ನು ಕುರಿತು ತಕ್ಕಮಟ್ಟಿಗೆ ಬರೆದಿದ್ದಾರೆ. ಇವರಂತೆಯೇ ಹೊಟ್ಟೆಪಾಡಿಗಾಗಿಯೂ ಕೀರ್ತಿಗಾಗಿಯೂ ನಾಡು ಬಿಟ್ಟುಹೋದ ಮತ್ತೊಂದು ವರ್ಗದ ಕಡೆಗೆ ನಮ್ಮ ದೃಷ್ಟಿ ಹರಿದದ್ದು ಕಡಮೆ. ಅವರು ಕಾಲ್ಚೆಂಡಿನ ಆಟಗಾರರು. ಹುಡುಗನನ್ನು ಒಂದು ಊರು ತಿದ್ದಿ ಬೆಳೆಸುತ್ತದೆ. ಇನ್ನೊಂದು ಊರು ಕರೆದೊಯ್ಯುತ್ತದೆ. ರಾಷ್ಟ್ರದ ತಂಡ ಆರಿಸಿಕೊಳ್ಳುತ್ತದೆ. ಈ ಮೂವರಲ್ಲಿ ಮೊದಲನೆಯವರಿಗೆ ಸಲ್ಲಬೇಕಾದುದೇನು ಎಂಬ ಪ್ರಶ್ನೆಯನ್ನು ಬೆಂಗಳೂರಿನ ನಿದರ್ಶನದಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಬೆಂಗಳೂರಿಗೆ ಈ ಆಟ ದಂಡಿನ ಮೂಲಕ ಬಂದಿತು. ಗೋರಾ ಸಿಪಾಯಿಗಳು ಆಡುತ್ತಿದ್ದುದನ್ನು ನೋಡಿ ಕಂಟೋನ್ಮೆಂಟಿನ ಹಲಸೂರು, ಗೌತಮಪುರ ಮೊದಲಾದ ಬಡಾವಣೆಗಳ ಬಡ ಮಕ್ಕಳು ಬರಿಗಾಲಿನಲ್ಲಿಯೇ ಅದನ್ನು ಕಲಿತರು. ಅಲ್ಲಿ ಶಾಲೆಯೂ ಇರಲಿಲ್ಲ, ಸಂಬಳದ ಗುರುವೂ ಇರಲಿಲ್ಲ. ಕೇರಿಯ ಹಿರಿಯ ಆಟಗಾರನೇ ಗುರು, ಬಯಲೇ ಪಾಠಶಾಲೆ. ಆದರೂ ಆ ಕಲಿಕೆ ಎಷ್ಟು ಗಟ್ಟಿಯಾಗಿತ್ತೆಂಬುದಕ್ಕೆ ಮುಂಬಯಿಯ ರೋವರ್ಸ್ ಕಪ್ಪೇ ಸಾಕ್ಷಿ. 1891ರಲ್ಲಿ ಆರಂಭವಾದ ಈ ಪಂದ್ಯಾವಳಿಯಲ್ಲಿ ದಂಡಿನ ತಂಡಗಳದೇ ಯಜಮಾನಿಕೆ. ಅದನ್ನು ಮುರಿದು ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್, ವರ್ಷ 1937. ಮರುವರ್ಷವೂ ಅದೇ ತಂಡ ಗೆದ್ದಿತು, 1948ರಲ್ಲಿ ಮತ್ತೊಮ್ಮೆ.

ಆದರೆ ಅದೇ ಕಾಲದಲ್ಲಿ ಕಲ್ಕತ್ತೆಯ ಸೆಳೆತವೂ ಬಲಿಯುತ್ತಿತ್ತು. 1934ರಿಂದ 1938ರವರೆಗೆ ಸತತವಾಗಿ ಐದು ಬಾರಿ ಅಲ್ಲಿನ ಲೀಗನ್ನು ಗೆದ್ದ ಮೊಹಮ್ಮಡನ್ ಸ್ಪೋರ್ಟಿಂಗ್ ಕ್ಲಬ್ಬು ತನ್ನ ಆಟಗಾರರನ್ನು ದೂರದೂರದ ಊರುಗಳಿಂದ ಕೂಡಿಸಿತ್ತು; ಬೆಂಗಳೂರಿನವರೂ ಅವರಲ್ಲಿದ್ದರು. ಆಟ ಆಗ ಕಾಗದದ ಮೇಲೆ ಹವ್ಯಾಸವಷ್ಟೆ. ಬಹಿರಂಗವಾಗಿ ಸಂಬಳವಿಲ್ಲ, ವರ್ಗಾವಣೆಯ ಶುಲ್ಕವಂತೂ ಇಲ್ಲವೇ ಇಲ್ಲ. ಕರೆದವರು ಒಂದು ನೌಕರಿಯನ್ನೋ ವಸತಿಯನ್ನೋ ಒದಗಿಸುತ್ತಿದ್ದರು. ಆಟಗಾರ ರೈಲು ಹತ್ತುತ್ತಿದ್ದ. ಅವನನ್ನು ಬೆಳೆಸಿದ ಕ್ಲಬ್ಬಿನ ಕೈಗೆ ಒಂದು ಕಾಸೂ ಬರುತ್ತಿರಲಿಲ್ಲ. ಅವನ ಮೇಲೆ ತಪ್ಪು ಹೊರಿಸುವಂತಿಲ್ಲ. ನಾವೂ ಹಾಗೆ ರೈಲು ಹತ್ತಿ ಬಂದವರೇ.

ಈ ವಲಸೆಯ ಫಲವನ್ನು ಒಂದೇ ಉದಾಹರಣೆಯಲ್ಲಿ ಕಾಣಬಹುದು. ಬೆಂಗಳೂರಿನಲ್ಲಿ ಬೆಳೆದ ಅಹಮದ್ ಖಾನ್ 1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬನ್ನು ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇ ಇವರೊಡನೆ ಅಹಮದ್ ಖಾನರೂ ಕೂಡಿದ ಮುಂಚೂಣಿಗೆ ವಂಗದ ಜನ 'ಪಂಚಪಾಂಡವರು' ಎಂದು ಹೆಸರಿಟ್ಟರು. ಐವರೂ ದಕ್ಷಿಣದವರು. ಅದೇ ವರ್ಷ ಈಸ್ಟ್ ಬೆಂಗಾಲ್ ಲೀಗನ್ನೂ ಶೀಲ್ಡನ್ನೂ ಗೆದ್ದು, ಹಿಂದಿನ ವರ್ಷ ಬೆಂಗಳೂರು ಪಡೆದಿದ್ದ ರೋವರ್ಸ್ ಕಪ್ಪನ್ನೂ ಕಲ್ಕತ್ತೆಗೆ ಒಯ್ದಿತು.

ರಾಷ್ಟ್ರದ ಪಾಲಿಗಾದರೋ ಬೆಂಗಳೂರು ಬರಿದಾಗದ ಕಣಜವಾಗಿತ್ತು. 1948ರ ಜುಲೈ 31ರಂದು ಲಂಡನ್ನಿನ ಬಳಿಯ ಇಲ್‌ಫರ್ಡಿನಲ್ಲಿ ಭಾರತ ಫ್ರಾನ್ಸನ್ನು ಎದುರಿಸಿತು. ನಮ್ಮವರಲ್ಲಿ ಬಹುಪಾಲು ಆಟಗಾರರು ಬರಿಗಾಲಿನವರು. ಎರಡು ಪೆನಾಲ್ಟಿಗಳು ವ್ಯರ್ಥವಾದವು. ಪಂದ್ಯ 1–2ರಲ್ಲಿ ಕೈತಪ್ಪಿತು. ಭಾರತದ ಆ ಒಂದು ಗೋಲನ್ನು, ಒಲಿಂಪಿಕ್ಸಿನಲ್ಲಿ ನಮ್ಮ ದೇಶದ ಮೊತ್ತಮೊದಲ ಗೋಲನ್ನು, ಗಳಿಸಿದವರು ಬೆಂಗಳೂರಿನ ಎಸ್. ರಾಮನ್. 1951ರಲ್ಲಿ ದೆಹಲಿಯ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ತಂಡದಲ್ಲಿ ಅಹಮದ್ ಖಾನರಿದ್ದರು. ಮರುವರ್ಷ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ನಮ್ಮ ಮೇಲೆ ಹತ್ತು ಗೋಲು ಹೊಡೆದಾಗ ಭಾರತಕ್ಕೆ ದೊರೆತ ಒಂದೇ ಗೋಲು ಅವರದು. 1956ರಲ್ಲಿ ಮೆಲ್ಬರ್ನಿನಲ್ಲಿ ನಾಲ್ಕನೆಯ ಸ್ಥಾನ ಪಡೆದ ತಂಡದಲ್ಲಿ ಮೈಸೂರು ಸಂಸ್ಥಾನದ ಕೆಂಪಯ್ಯನವರಿದ್ದರು.

ಆಯ್ಕೆಯ ದಾರಿಯೇ ಈ ವಲಸೆಯನ್ನು ಪ್ರೋತ್ಸಾಹಿಸುವಂತಿತ್ತು. ರೋವರ್ಸ್ ಮುಂಬಯಿಯಲ್ಲಿ, ಶೀಲ್ಡು ಕಲ್ಕತ್ತೆಯಲ್ಲಿ, ಡ್ಯುರಾಂಡ್ ಕಪ್ಪು ದೆಹಲಿಯಲ್ಲಿ. ಕಣ್ಣಿಗೆ ಬೀಳಬೇಕಾದವನು ಅಲ್ಲಿ ಆಡಬೇಕಿತ್ತು. 1941ರಲ್ಲಿ ಆರಂಭವಾದ ಸಂತೋಷ್ ಟ್ರೋಫಿಯಲ್ಲಿ ಪ್ರಾಂತಗಳ ತಂಡಗಳೇ ಸೆಣಸುತ್ತಿದ್ದುವೆಂಬುದು ನಿಜ. ಆದರೆ ಅಲ್ಲಿಯೂ ಆಟಗಾರ ಹುಟ್ಟೂರಿಗಲ್ಲ, ತಾನು ಆಡುವ ಕ್ಲಬ್ಬಿನ ಪ್ರಾಂತಕ್ಕೆ ಸೇರಿದವನು. ಹೀಗಿದ್ದೂ ಮೈಸೂರು ನಾಲ್ಕು ಬಾರಿ ಆ ಟ್ರೋಫಿಯನ್ನು ಗೆದ್ದಿತು: 1946–47, 1952–53, 1967–68 ಮತ್ತು 1968–69. ನಾಲ್ಕೂ ಸಲ ಅಂತಿಮ ಪಂದ್ಯದಲ್ಲಿ ಸೋತದ್ದು ಬಂಗಾಳವೇ.

ಕೊನೆಯ ಎರಡು ವಿಜಯಗಳ ಕಾಲವನ್ನು ಗಮನಿಸಬೇಕು. ಅಷ್ಟರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆ, ಟೆಲಿಫೋನ್ ಕಾರ್ಖಾನೆ ಮೊದಲಾದ ಸರ್ಕಾರೀ ಉದ್ಯಮಗಳು ನೆಲೆಗೊಂಡು, ಆಟಗಾರರಿಗೆ ನೌಕರಿಯಿತ್ತು ತಂಡಗಳನ್ನು ಕಟ್ಟಿದ್ದುವು. ಅನ್ನ ಊರಿನಲ್ಲೇ ದೊರೆತಾಗ ಆಟಗಾರ ಊರಿನಲ್ಲೇ ಉಳಿದ. ಟ್ರೋಫಿಯೂ ಊರಿಗೆ ಬಂದಿತು. ಇವೆರಡಕ್ಕೂ ಸಂಬಂಧವಿಲ್ಲವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಮುಂದೆ 1991ರ ಆರ್ಥಿಕ ಬದಲಾವಣೆಗಳ ತರುವಾಯ ಈ ನೌಕರಿಗಳು ಬತ್ತಿದುವು. ನಾಡಿನ ತಂಡ ಸಂತೋಷ್ ಟ್ರೋಫಿಯನ್ನು ಮತ್ತೆ ಎತ್ತಿದ್ದು 2023ರ ಮಾರ್ಚಿಯಲ್ಲಿ, ದೂರದ ರಿಯಾದಿನಲ್ಲಿ, ಮೇಘಾಲಯವನ್ನು 3–2ರಿಂದ ಸೋಲಿಸಿ. ನಡುವೆ ಕಳೆದುವು ಐವತ್ತನಾಲ್ಕು ವರ್ಷಗಳು.

ಬೆಳೆಸಿದವನ ಋಣವನ್ನು ಜಗತ್ತು ಕಡೆಗೂ ಅಂಗೀಕರಿಸಿದ್ದು 2001ರಲ್ಲಿ. ಆ ವರ್ಷ ಫಿಫಾ ಸಂಸ್ಥೆ ರೂಪಿಸಿದ ನಿಯಮಗಳಂತೆ, ಒಪ್ಪಂದದ ಅವಧಿ ಮುಗಿಯುವ ಮುನ್ನ ಆಟಗಾರನು ದೇಶದಿಂದ ದೇಶಕ್ಕೆ ಹಣಕ್ಕೆ ವರ್ಗವಾದಾಗ, ಆ ಹಣದ ನೂರಕ್ಕೆ ಐದು ಪಾಲು ಅವನ 12ರಿಂದ 23ರ ವಯಸ್ಸಿನವರೆಗೆ ತರಬೇತಿಯಿತ್ತ ಕ್ಲಬ್ಬುಗಳಿಗೆ ಹಂಚಿಕೆಯಾಗಬೇಕು. ಕೋಟಿ ರೂಪಾಯಿಯ ವರ್ಗಾವಣೆಯಾದರೆ ಐದು ಲಕ್ಷ. ಇದರಲ್ಲಿ ಹದಿನೈದರವರೆಗಿನ ಒಂದೊಂದು ವರ್ಷಕ್ಕೆ ಇಪ್ಪತ್ತೈದು ಸಾವಿರ, ಆಮೇಲಿನ ಒಂದೊಂದು ವರ್ಷಕ್ಕೆ ಐವತ್ತು ಸಾವಿರ. ದೇಶದೊಳಗಿನ ವರ್ಗಾವಣೆಗೆ ಇಂಥದೇ ಏರ್ಪಾಡನ್ನು ಆಯಾ ರಾಷ್ಟ್ರೀಯ ಸಂಸ್ಥೆ ಮಾಡಬೇಕೆಂಬ ವಿಧಿಯೂ ಉಂಟು. ಏರ್ಪಾಡು ನ್ಯಾಯವಾದುದೇ. ಆದರೆ ಪಾಲು ದೊರೆಯುವುದು ದಾಖಲೆಯುಳ್ಳ ಕ್ಲಬ್ಬಿಗೆ. ಹೆಸರನ್ನು ಎಲ್ಲಿಯೂ ನೋಂದಾಯಿಸದ ಕೇರಿಯ ತಂಡಕ್ಕೆ, ಸಂಜೆಯ ಹೊತ್ತು ಹುಡುಗರನ್ನು ಕೂಡಿಸಿ ಕಲಿಸಿದ ಹಿರಿಯನಿಗೆ, ಅಂದಿನಂತೆ ಇಂದೂ ಏನೂ ಇಲ್ಲ.

ಹಾಗಾದರೆ ಅವರಿಗೆ ಸಲ್ಲಬಹುದಾದುದು ಯಾವುದು? ನೆನಪು. ಇಲ್ಲಿಯೇ ನಮ್ಮ ಹೊಣೆ ಮೊದಲಾಗುತ್ತದೆ. ಈ ಆಟಗಾರರಲ್ಲಿ ಅನೇಕರ ಮನೆಮಾತು ತಮಿಳು, ಉರ್ದು ಅಥವಾ ತೆಲುಗು. ಕನ್ನಡ ಸಂಘದ ಪತ್ರಿಕೆಗೆ ಇವರ ಕಥೆ ಏಕೆಂದು ಕೇಳುವವರಿರಬಹುದು. ಮನೆಯ ಮಾತನ್ನು ಕೇಳಿ ಚರಿತ್ರೆಯ ಬಾಗಿಲನ್ನು ತೆರೆಯುವುದಾದರೆ, ಮುಂಬಯಿಯ ಚರಿತ್ರೆಯಲ್ಲಿ, ದೆಹಲಿಯ ಚರಿತ್ರೆಯಲ್ಲಿ ನಮಗೂ ಸ್ಥಳವಿರದು. ಪರಭಾಷೆಯ ನೆಲದಲ್ಲಿ ಬದುಕಿ, ಆ ನೆಲದ ಕೀರ್ತಿಗೆ ನಮ್ಮ ಪಾಲನ್ನೂ ಸೇರಿಸಿ, ಅದನ್ನು ಆ ಜನ ಗುರುತಿಸಬೇಕೆಂದು ಬಯಸುವ ನಾವು, ನಮ್ಮ ನೆಲದ ಕೀರ್ತಿಗೆ ದುಡಿದವರನ್ನು ಮರೆಯುವುದು ತರವಲ್ಲ.

ಕಲ್ಕತ್ತೆಯ ಕ್ಲಬ್ಬುಗಳು ಗೆದ್ದ ಕಪ್ಪುಗಳ ಲೆಕ್ಕ ಪುಸ್ತಕಗಳಲ್ಲಿದೆ. ಗೌತಮಪುರದ ಬಯಲಿನಲ್ಲಿ ಮೊದಲು ಚೆಂಡನ್ನು ಒದೆಸಿದವರ ಹೆಸರುಗಳು ವೃದ್ಧರ ಬಾಯಲ್ಲಿ ಮಾತ್ರ ಇವೆ. ಆ ಬಾಯಿಗಳು ಮುಚ್ಚುವ ಮುನ್ನ ಕೇಳಿ ಬರೆದಿಡುವುದು ಆಗಬೇಕಾದ ಕೆಲಸ. ಬೆಂಗಳೂರಿನಿಂದ ಹೋಗಿ ಮುಂಬಯಿ, ಕಲ್ಕತ್ತೆ, ಹೈದರಾಬಾದುಗಳಲ್ಲಿ ನೆಲೆಸಿದ ಆಟಗಾರರ ಮನೆಗಳಲ್ಲಿ ಹಳೆಯ ಚಿತ್ರಗಳೂ ಪತ್ರಗಳೂ ಉಳಿದಿರುವ ಸಂಭವವುಂಟು. ನೆರೆಯಲ್ಲಿಯೇ ಇರುವ ಸಂಘಗಳು ಅವರ ಬಾಗಿಲನ್ನು ತಟ್ಟಲಿ.